ಹಡಗಿನ ಚಳಿಗೆ ಯಾರ ಕೋಟು?

1834ರ ನವೆಂಬರ್ ತಿಂಗಳು. ಅಮೆರಿಕದ ಬಾಸ್ಟನ್‌ನಿಂದ ಹೊರಟು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಸಿಕೊಂಡು ಕ್ಯಾಲಿಫೋರ್ನಿಯಾದ ಕಡೆಗೆ ಹೋಗುತ್ತಿದ್ದ 'ಪಿಲ್ಗ್ರಿಮ್' ಎಂಬ ಹಾಯಿಹಡಗಿನಿಂದ ಜಾರ್ಜ್ ಬಾಲ್ಮರ್ ಎಂಬ ತರುಣ ನಾವಿಕ ಆಯತಪ್ಪಿ ಸಮುದ್ರಕ್ಕೆ ಬಿದ್ದ. ದೋಣಿ ಇಳಿಸಿ ಹುಡುಕಿದರು. ಸಿಗಲಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ, ಮೈಮೇಲೆ ದಪ್ಪ ಬಟ್ಟೆಗಳಿದ್ದವು, ಇನ್ನು ಹುಡುಕಿ ಪ್ರಯೋಜನವಿಲ್ಲ ಎಂದು ಹಡಗಿನವರೆಲ್ಲ ಒಪ್ಪಿದರು. ಆಮೇಲೆ ಕ್ಯಾಪ್ಟನ್ ಬಾಲ್ಮರ್‌ನ ಪೆಟ್ಟಿಗೆಯನ್ನು ಡೆಕ್ಕಿಗೆ ತರಿಸಿ, ಅದರಲ್ಲಿದ್ದ ಜಾಕೆಟ್ಟು, ಷರಾಯಿಗಳನ್ನು ಉಳಿದ ನಾವಿಕರ ನಡುವೆ ಹರಾಜು ಹಾಕಿಸಿದ.

ಇದನ್ನು ಬರೆದಿಟ್ಟವನು ಅದೇ ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ದುಡಿಯುತ್ತಿದ್ದ ರಿಚರ್ಡ್ ಹೆನ್ರಿ ಡೇನಾ. ಹಾರ್ವರ್ಡ್‌ನಲ್ಲಿ ಓದುತ್ತಿದ್ದವನು, ದಡಾರ ಬಂದು ಕಣ್ಣು ಕೆಟ್ಟಿತೆಂದು ಓದು ನಿಲ್ಲಿಸಿ ಹಡಗು ಹತ್ತಿದ್ದ. 1840ರಲ್ಲಿ ಬಂದ ಅವನ 'ಟೂ ಇಯರ್ಸ್ ಬಿಫೋರ್ ದಿ ಮಾಸ್ಟ್' ಪುಸ್ತಕದಲ್ಲಿ ಈ ಹರಾಜಿನ ಪ್ರಸಂಗ ಬರುತ್ತದೆ. ಸತ್ತವನ ಬಟ್ಟೆಯನ್ನು ಅದೇ ಪಯಣದಲ್ಲಿ ತೊಡಲು ನಾವಿಕರಿಗೆ ಮನಸ್ಸು ಬರುವುದಿಲ್ಲ, ತೀರಾ ಗತಿಯಿಲ್ಲದಿದ್ದರೆ ಮಾತ್ರ ತೊಡುತ್ತಾರೆ ಎಂದೂ ಅವನು ಹೇಳುತ್ತಾನೆ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಯಾವುದೇ ಕೆಲಸ ಕಂಡರೂ ಇದರ ಖರ್ಚು ಯಾವ ಖಾತೆಗೆ ಹೋಗುತ್ತದೆ ಎಂದು ನೋಡುವುದು ಇಪ್ಪತ್ತು ವರ್ಷಗಳಲ್ಲಿ ಅಂಟಿಕೊಂಡ ಚಟ. ಹಾಗಾಗಿ ಡೇನಾನ ಪುಸ್ತಕ ಓದುವಾಗಲೂ ನನ್ನನ್ನು ಕಾಡಿದ್ದು ಅಲೆಗಳಲ್ಲ, ಬಿರುಗಾಳಿಯಲ್ಲ, ಆ ಹರಾಜು. ಹಡಗಿನ ಹಾಯಿ ಮಾಲೀಕನದು, ಹಗ್ಗ ಮಾಲೀಕನದು, ನಾವಿಕ ತಿನ್ನುವ ಒಣರೊಟ್ಟಿಯೂ ಮಾಲೀಕನದು. ಆದರೆ ಹಿಮಗಾಳಿಯಲ್ಲಿ ಆ ಹಾಯಿ ಮಡಚಲು ಹತ್ತುವವನ ಮೈಮೇಲಿನ ಕೋಟು ಯಾರದು? ಈ ಪ್ರಶ್ನೆಯ ಬೆನ್ನು ಹತ್ತಿ ಒಂದೆರಡು ವರ್ಷ ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಶುರುವಾದ ಈ ಕಥೆ ನಮ್ಮ ಮುಂಬೈನ ಡೋಂಗ್ರಿಯ ಬೀದಿಗೂ ಬರುತ್ತದೆ ಎಂದು ಶುರುಮಾಡುವಾಗ ನನಗೆ ಗೊತ್ತಿರಲಿಲ್ಲ.

ಕಂಬಳಿಕೊಪ್ಪೆಯ ವಿಜ್ಞಾನ

ಮೊದಲು ಚಳಿಯ ಲೆಕ್ಕ ಸ್ವಲ್ಪ ನೋಡೋಣ. ನೆಲದ ಮೇಲಿನ ಚಳಿಗೂ ದೋಣಿಯ ಮೇಲಿನ ಚಳಿಗೂ ವ್ಯತ್ಯಾಸವಿದೆ. ದಿಲ್ಲಿಯ ಜನವರಿಯಲ್ಲಿ ಉಷ್ಣಾಂಶ ನಾಲ್ಕು ಡಿಗ್ರಿಗೆ ಇಳಿದರೂ ಗೋಡೆಯ ಮರೆಗೆ ಸರಿದು, ನಾಲ್ಕು ಕಡ್ಡಿ ಬೆಂಕಿ ಹಾಕಿಕೊಂಡು ಕೂರಬಹುದು. ಹಡಗಿನ ಡೆಕ್ಕಿನಲ್ಲಿ ಮರೆಯಿಲ್ಲ. ಗಾಳಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಮೈ ಒದ್ದೆಯಾಗುತ್ತದೆ.

ನಮ್ಮನ್ನು ಬೆಚ್ಚಗಿಡುವುದು ನಿಜವಾಗಿ ಬಟ್ಟೆಯಲ್ಲ, ಬಟ್ಟೆಯ ನೂಲುಗಳ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿ. ಆ ಗಾಳಿಯ ಜಾಗದಲ್ಲಿ ನೀರು ತುಂಬಿಕೊಂಡರೆ ಲೆಕ್ಕವೇ ತಲೆಕೆಳಗಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹತ್ತಿ ಬಟ್ಟೆ ನೆನೆದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಳಗಿನ ಗಾಳಿ ಹೊರಟುಹೋಗುತ್ತದೆ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ನೆನೆದರೂ ಪೂರ್ತಿ ಕುಸಿಯುವುದಿಲ್ಲ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ.

ಇದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಗದ್ದೆಗಿಳಿಯುವಾಗ ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಕಂಬಳಿಕೊಪ್ಪೆ ಮಾಡುತ್ತಿದ್ದದ್ದು ಇದೇ ಕೆಲಸ. ಕುರುಬರು ನೇಯುವ ಒರಟು ಕರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಕುಡಿಸಿದರೆ ಅದು ಬಿರುಸಾಗುತ್ತದೆ, ನೀರು ಬೇಗ ಒಳಗಿಳಿಯುವುದಿಲ್ಲ. ಇಳಿದ ಮೇಲೂ ಮೈ ನಡುಗುವುದಿಲ್ಲ. ಚುಚ್ಚುತ್ತದೆ, ಭಾರ, ಕುರಿಯ ವಾಸನೆ, ಎಲ್ಲ ನಿಜ. ಆದರೆ ಬೆಚ್ಚಗಿರುತ್ತದೆ.

ಆದ್ದರಿಂದ ಹಡಗಿನ ಚಳಿಯ ಇತಿಹಾಸವೆಂದರೆ ಬಹುಮಟ್ಟಿಗೆ ಉಣ್ಣೆ ಯಾರಿಗೆ ಸಿಕ್ಕಿತು, ಯಾರಿಗೆ ಹತ್ತಿ ಮಾತ್ರ ಸಿಕ್ಕಿತು ಎನ್ನುವುದರ ಇತಿಹಾಸ.

ಸಂಬಳದಲ್ಲಿ ಮುರಿದುಕೊಂಡ ಉಣ್ಣೆ

ಬ್ರಿಟಿಷ್ ನೌಕಾಪಡೆಯ ಸಾಮಾನ್ಯ ನಾವಿಕರಿಗೆ 19ನೆಯ ಶತಮಾನದ ನಡುಭಾಗದವರೆಗೂ ಸಮವಸ್ತ್ರವೇ ಇರಲಿಲ್ಲ. ಅವರನ್ನು ಬಂದರಿನ ಬೀದಿಗಳಿಂದ ಬಲವಂತವಾಗಿ ಎಳೆದುಕೊಂಡು ಹೋಗುವುದೂ ಇತ್ತು. ಆಗ ಮೈಮೇಲಿದ್ದದ್ದೇ ಅವರ ಆಸ್ತಿ. 1623ರಿಂದ ಹಡಗಿನಲ್ಲೇ ಬಟ್ಟೆ ಮಾರುವ ಏರ್ಪಾಡು ಬಂತು. ಅದಕ್ಕೆ 'ಸ್ಲಾಪ್ಸ್' ಎಂದು ಹೆಸರು. ಉಣ್ಣೆಯ ಟೋಪಿ, ಕಾಲುಚೀಲ, ಅಂಗಿ, ಷರಾಯಿ ಎಲ್ಲವೂ ಹಡಗಿನ ಉಗ್ರಾಣದಲ್ಲಿ ಸಿಗುತ್ತಿತ್ತು. ಪುಕ್ಕಟೆಯಲ್ಲ. ಬೆಲೆಯನ್ನು ನಾವಿಕನ ಹೆಸರಿನ ಮುಂದೆ ಬರೆದುಕೊಂಡು ಪಯಣ ಮುಗಿದಾಗ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ನಡುಸಮುದ್ರದಲ್ಲಿ ಬೇರೆ ಅಂಗಡಿಯಿಲ್ಲ, ಚೌಕಾಸಿಯೂ ಇಲ್ಲ.

ಹೀಗಾಗಿ ಸತ್ತವನ ಪೆಟ್ಟಿಗೆಯ ಹರಾಜಿಗೆ ಒಂದು ತರ್ಕವಿತ್ತು. ಬದುಕಿದ್ದವನಿಗೆ ಉಗ್ರಾಣದ ಹೊರಗೆ ಒಂದು ಕೋಟು ಸಿಗುತ್ತಿತ್ತು. ಬಂದ ಹಣ ಸತ್ತವನ ಮನೆಯವರಿಗೆ ಹೋಗಬೇಕೆಂಬ ಪದ್ಧತಿಯಿತ್ತು. ಸತ್ತವನಿಗೆ ಹೆಂಡತಿ ಮಕ್ಕಳಿದ್ದರೆ ಗೆಳೆಯರು ಬೇಕೆಂದೇ ಬೆಲೆಗಿಂತ ಹೆಚ್ಚು ಕೂಗುತ್ತಿದ್ದದ್ದೂ ಉಂಟು. ನಮ್ಮಲ್ಲಿ ಸಾವಿನ ಮನೆಗೆ ಹೋದವರು ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟು ಬರುತ್ತಾರಲ್ಲ, ಹಾಗೆ. ಅವರು ಅದನ್ನು ಒಂದು ಹಳೆಯ ಜಾಕೆಟ್ಟಿನ ನೆಪದಲ್ಲಿ ಕೊಡುತ್ತಿದ್ದರು.

ಮಾಲೀಕನೇ ಕೋಟು ಕೊಟ್ಟ ಉದಾಹರಣೆಯೂ ಇದೆ. 1772ರಲ್ಲಿ ಜೇಮ್ಸ್ ಕುಕ್ ದಕ್ಷಿಣ ಧ್ರುವದ ಕಡೆಯ ಭೂಮಿಯನ್ನು ಹುಡುಕಲು ಹೊರಟಾಗ, ನವೆಂಬರ್‌ನಲ್ಲಿ ಕೇಪ್‌ಟೌನ್ ಬಿಟ್ಟ ಕೂಡಲೇ ಬಟ್ಟೆ ಹಂಚಿಸಿದ. ಅವನ ಬರವಣಿಗೆಯಲ್ಲಿ ಎರಡು ಬಗೆಯ ಬಟ್ಟೆಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ಬೇಕಾದವರಿಗೆ ಸ್ಲಾಪ್ಸ್, ಅಂದರೆ ಸಂಬಳದ ಲೆಕ್ಕದಲ್ಲಿ. ಅದಲ್ಲದೆ ಎಲ್ಲರಿಗೂ ಒಂದೊಂದು 'ಫಿಯರ್‌ನಾಟ್' ಜಾಕೆಟ್ಟು, ಷರಾಯಿ. ಇದು ನೌಕಾ ಇಲಾಖೆ ಮಂಜೂರು ಮಾಡಿದ್ದು. ಫಿಯರ್‌ನಾಟ್ ಎಂದರೆ 'ಹೆದರಬೇಡ' ಎಂಬ ಹೆಸರಿನ ದಪ್ಪನೆಯ ಒತ್ತು ಉಣ್ಣೆಯ ಬಟ್ಟೆ. ಹೆಸರು ಗಟ್ಟಿಯಾಗಿದ್ದರೂ ತೋಳು ಗಿಡ್ಡವಾಗಿದ್ದವು. ಡಿಸೆಂಬರ್‌ನಲ್ಲಿ ಹಿಮಗಡ್ಡೆಗಳ ನಡುವೆ ನಾವಿಕರ ಮುಂಗೈಗಳು ಬರಿದಾಗಿರುವುದನ್ನು ಕಂಡು ಕುಕ್ ತೋಳುಗಳಿಗೆ ಬೇರೆ ಉಣ್ಣೆ ಬಟ್ಟೆಯ ತುಂಡು ಸೇರಿಸಿ ಹೊಲಿಸಿದ. ಅದೇ ಬಟ್ಟೆಗೆ ಕ್ಯಾನ್ವಾಸು ಸೇರಿಸಿ ತಲೆಗೆ ಟೋಪಿ ಮಾಡಿಸಿದ. 1773ರ ಜನವರಿ 17ರಂದು ಅವನ ಹಡಗು ಅಂಟಾರ್ಕ್ಟಿಕ್ ವೃತ್ತವನ್ನು ದಾಟಿತು. ಮನುಷ್ಯರು ಅದನ್ನು ದಾಟಿದ ಮೊದಲ ದಾಖಲೆ ಅದು. ದಾಟಿದವರ ತೋಳುಗಳಿಗೆ ತೇಪೆ ಹಾಕಿತ್ತು.

ಡಾಂಬರು ಮತ್ತು ಡೋಂಗ್ರಿ

ಗಾಳಿ ಮಳೆ ತಡೆಯಲು ಮೇಲೊಂದು ಪದರ ಬೇಕು. ಅದನ್ನು ನಾವಿಕರು ಹಡಗಿನ ಕಸದಿಂದಲೇ ಮಾಡಿಕೊಳ್ಳುತ್ತಿದ್ದರು. ಹರಿದ ಹಾಯಿಯ ಕ್ಯಾನ್ವಾಸನ್ನು ಕತ್ತರಿಸಿ ಹೊಲಿದು, ಅದಕ್ಕೆ ಡಾಂಬರನ್ನೋ ಅಗಸೆ ಎಣ್ಣೆಯನ್ನೋ ಪದರ ಪದರವಾಗಿ ಬಳಿದು ಒಣಗಿಸಿದರೆ ನೀರು ಇಳಿಯದ ಅಂಗಿ. ನಾವು ಲಾರಿಯ ಮೇಲೆ ಹೊದಿಸುವ ಟಾರ್ಪಾಲಿನ ಹೆಸರಿನಲ್ಲಿ ಇರುವ 'ಟಾರ್' ಇದೇ ಡಾಂಬರು. ಇಂಗ್ಲಿಷಿನಲ್ಲಿ ನಾವಿಕನಿಗೇ 'ಟಾರ್' ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ.

1836ರಲ್ಲಿ ಡೇನಾ ಮರಳುವಾಗ ಕೇಪ್ ಹಾರ್ನ್‌ಗೆ ಬಂದದ್ದು ಜೂನ್, ಜುಲೈನಲ್ಲಿ. ದಕ್ಷಿಣದಲ್ಲಿ ಅದು ನಟ್ಟನಡು ಚಳಿಗಾಲ. ಅದಕ್ಕೆ ವಾರಗಳ ಮೊದಲೇ ಹಡಗಿನವರೆಲ್ಲ ಸೂಜಿ ದಾರ ಹಿಡಿದು ಕೂತು ಹಳೆಯ ಬಟ್ಟೆಗಳಿಗೆ ತೇಪೆ ಹಾಕಿ, ಎಣ್ಣೆ ಬಳಿದು ಸಿದ್ಧರಾದರು. ಆದರೂ ಎಲ್ಲ ನೆನೆಯಿತು. ಒದ್ದೆಯಾದದ್ದನ್ನು ಹಿಂಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಒದ್ದೆಯಾಗಿದ್ದನ್ನು ತೊಟ್ಟುಕೊಳ್ಳುವುದಷ್ಟೇ ಉಳಿದದ್ದು. ಕೈಗವಸು ಡೆಕ್ಕಿನ ಮೇಲೆ ಮಾತ್ರ. ಕಂಬ ಹತ್ತುವಾಗ ಒದ್ದೆ ಕೈಗವಸು ಜಾರುತ್ತದೆ, ಜಾರಿದರೆ ಬಾಲ್ಮರ್‌ನ ಗತಿ. ಆದ್ದರಿಂದ ಮಂಜುಗಟ್ಟಿದ ಹಗ್ಗವನ್ನು ಬರಿಗೈಯಲ್ಲೇ ಹಿಡಿಯಬೇಕು.

ಇಲ್ಲಿ ಮುಂಬೈಯವರಿಗೆ ಒಂದು ಸುದ್ದಿ. ನಾವಿಕರ, ಕಾರ್ಮಿಕರ ಬಟ್ಟೆಗೆ ಇಂಗ್ಲಿಷಿನಲ್ಲಿ ಇರುವ 'ಡಂಗರಿ' ಎಂಬ ಹೆಸರು ಬಂದದ್ದು ನಮ್ಮ ಡೋಂಗ್ರಿಯಿಂದ. ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಸಿಗುವ ಅದೇ ಡೋಂಗ್ರಿ. ಅಲ್ಲಿ ಸಿಗುತ್ತಿದ್ದ ಒರಟು, ಅಗ್ಗದ ಹತ್ತಿ ಬಟ್ಟೆ ಹಾಯಿಗೂ ಡೇರೆಗೂ ನಾವಿಕರ ಷರಾಯಿಗೂ ಬಳಕೆಯಾಗಿ ಜಗತ್ತಿನ ಬಂದರುಗಳನ್ನೆಲ್ಲ ಸುತ್ತಿತು. ಬಿಸಿಲ ಸಮುದ್ರಕ್ಕೆ ಹೇಳಿ ಮಾಡಿಸಿದ ಬಟ್ಟೆ. ಉತ್ತರ ಅಟ್ಲಾಂಟಿಕ್‌ನಲ್ಲಿ ನೆನೆದರೆ ಮಾತ್ರ ಅದು ಹತ್ತಿಯೇ.

ಆ ಹತ್ತಿಯನ್ನು ತೊಟ್ಟು ಉತ್ತರಕ್ಕೆ ಹೋದವರು ನಮ್ಮವರು.

ಲಸ್ಕರುಗಳು

ಮೈಸೂರಿನವರಿಗೆ ಲಷ್ಕರ್ ಮೊಹಲ್ಲಾ ಗೊತ್ತು. ಲಷ್ಕರ್ ಎಂದರೆ ಪರ್ಷಿಯನ್ನಿನಲ್ಲಿ ಸೈನ್ಯ. ಅದೇ ಪದ ಪೋರ್ಚುಗೀಸರ ಬಾಯಲ್ಲಿ ಹೊರಳಿ, ಇಂಗ್ಲಿಷರ ಹಡಗುಗಳಲ್ಲಿ ದುಡಿಯುವ ಏಷ್ಯಾದ ನಾವಿಕರಿಗೆ 'ಲಸ್ಕರ್' ಎಂಬ ಹೆಸರಾಯಿತು. ಕೊಂಕಣ, ಗುಜರಾತ್, ಸಿಲ್ಹೆಟ್, ಪಂಜಾಬ್, ಗೋವಾ, ಮಲಬಾರ್ ಹೀಗೆ ಎಲ್ಲೆಡೆಯಿಂದ ಬಂದವರು. ಸೆರಾಂಗ್ ಎಂಬ ಮೇಸ್ತ್ರಿಯ ಕೈಕೆಳಗೆ ಗುಂಪಾಗಿ ಕೆಲಸಕ್ಕೆ ಸೇರುತ್ತಿದ್ದರು. ಬ್ರಿಟಿಷ್ ನಾವಿಕನಿಗೆ ಸಿಗುವ ಸಂಬಳದ ಮೂರನೇ ಒಂದರಿಂದ ಐದನೇ ಒಂದು ಪಾಲು ಇವರಿಗೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಇಂಥವರು ಸುಮಾರು 50,000 ಮಂದಿ ಇದ್ದರು.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಹಡಗು ಲಂಡನ್ನಿಗೆ ಮುಟ್ಟಿದ ಮೇಲೆ ಇವರನ್ನು ಇಳಿಸಿಬಿಡುತ್ತಿದ್ದರು. ಮರಳುವ ಹಡಗು ಸಿಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕೈಯಲ್ಲಿ ಕಾಸಿಲ್ಲ, ಮೈಮೇಲೆ ಹತ್ತಿ ಬಟ್ಟೆ, ಹೊರಗೆ ಡಿಸೆಂಬರ್. 1785-86ರ ಚಳಿಗಾಲದಲ್ಲಿ ಲಂಡನ್ನಿನ ಬೀದಿಗಳಲ್ಲಿ ಲಸ್ಕರುಗಳು ನಡುಗುತ್ತ ಭಿಕ್ಷೆ ಬೇಡುವುದನ್ನು ಕಂಡು ಊರಿನ ಕೆಲವರು ಚಂದಾ ಎತ್ತಲು ಶುರುಮಾಡಿದರು. 1786ರ ಜನವರಿಯಲ್ಲಿ ಹುಟ್ಟಿದ ಆ ಪರಿಹಾರ ಸಮಿತಿ ಮುಂದೆ ಲಂಡನ್ನಿನ ಬಡ ಕರಿಯರೆಲ್ಲರಿಗೂ ವಿಸ್ತರಿಸಿತು. ಮೊದಲ ಕಾರಣ ಮಾತ್ರ ನಮ್ಮ ನಾವಿಕರ ಚಳಿ. 1814ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ಲಸ್ಕರುಗಳು ಮರಳುವವರೆಗೆ ಅವರ ಊಟ, ಬಟ್ಟೆ, ವಸತಿಯ ಹೊಣೆ ಕಂಪನಿಯದೇ ಎಂದಿತು. 1857ರಲ್ಲಿ ಲೈಮ್‌ಹೌಸ್ ಬಂದರಿನ ಪಕ್ಕ ಏಷ್ಯಾ, ಆಫ್ರಿಕಾದ ನಾವಿಕರಿಗಾಗಿ 'ಸ್ಟ್ರೇಂಜರ್ಸ್ ಹೋಮ್' ಎಂಬ ವಸತಿಗೃಹ ತೆರೆಯಿತು. 'ಪರದೇಶಿಗಳ ಮನೆ' ಎನ್ನಬಹುದು. ನಮ್ಮ ಭಾಷೆಯಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥವಿರುವುದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಬಂದರುಗಳ ಹತ್ತಿರ, ಲಂಡನ್ ಟವರಿನ ಪಕ್ಕದ ರೋಸ್‌ಮೆರಿ ಲೇನ್‌ನಲ್ಲಿ, ಹಳೆ ಬಟ್ಟೆಯ ದೊಡ್ಡ ಸಂತೆಯೊಂದು ನಡೆಯುತ್ತಿತ್ತು. ಚಿಂದಿ ಸಂತೆ ಎಂದೇ ಅದರ ಹೆಸರು, 'ರ‍್ಯಾಗ್ ಫೇರ್'. 1850ರ ಸುಮಾರಿಗೆ ಲಂಡನ್ನಿನ ಬಡವರ ಬದುಕನ್ನು ಬೀದಿ ಬೀದಿ ಸುತ್ತಿ ದಾಖಲಿಸಿದ ಹೆನ್ರಿ ಮೇಹ್ಯೂ ಈ ಹಳೆ ಬಟ್ಟೆಯ ವ್ಯಾಪಾರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಒಂದು ಕೋಟು ಮೊದಲು ಸಾಹೇಬನದು, ಆಮೇಲೆ ಅವನ ಆಳಿನದು, ಆಮೇಲೆ ಗಾಡಿಯವನ ಕೈಗೆ, ತೇಪೆ ಬಿದ್ದು ಇಸ್ತ್ರಿಯಾಗಿ ಕೂಲಿಯವನಿಗೆ. ಸಾಲಿನ ಕೊನೆಗೆ ನಿಂತವನಿಗೆ ಸಿಗುವಾಗ ಅದರಲ್ಲಿ ಉಣ್ಣೆಗಿಂತ ದಾರವೇ ಹೆಚ್ಚು.

ಲಸ್ಕರುಗಳ ಬಗ್ಗೆ ಇನ್ನೊಂದು ನಿಯಮವಿತ್ತು. 20ನೆಯ ಶತಮಾನದ ಮೊದಲ ಭಾಗದಲ್ಲಿ ಅವರ ಕರಾರಿನ ಪ್ರಕಾರ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ 38 ಡಿಗ್ರಿ ಅಕ್ಷಾಂಶದ ಉತ್ತರಕ್ಕೆ ಅವರನ್ನು ದುಡಿಸುವಂತಿರಲಿಲ್ಲ. ಅಂದರೆ ನ್ಯೂಯಾರ್ಕ್, ಬಾಸ್ಟನ್ ಬಂದರುಗಳು ಚಳಿಗಾಲದಲ್ಲಿ ಮುಚ್ಚಿದ ಬಾಗಿಲು. ಆದರೆ 51 ಡಿಗ್ರಿಯ ಲಂಡನ್ನಿಗೆ, 55 ಡಿಗ್ರಿಗೂ ಮೇಲಿನ ಗ್ಲಾಸ್ಗೋಗೆ ಅಡ್ಡಿಯಿಲ್ಲ. ಬಿಸಿನೀರಿನ ಪ್ರವಾಹ ಯುರೋಪಿನ ತೀರವನ್ನು ಬೆಚ್ಚಗಿಡುತ್ತದೆ, ಅಮೆರಿಕದ ಆ ತೀರ ನಿಜಕ್ಕೂ ಹೆಚ್ಚು ಕೊರೆಯುತ್ತದೆ. ಅಷ್ಟು ಮಟ್ಟಿಗೆ ಈ ಗೆರೆಯಲ್ಲಿ ಅರ್ಥವಿದೆ. ಅದರಿಂದ ಎಷ್ಟೋ ಜನರ ಪ್ರಾಣ ಉಳಿದಿರಲೂಬಹುದು. ಆದರೆ ಗೆರೆಯ ಹಿಂದೆ ಒಂದು ನಂಬಿಕೆಯೂ ಕೂತಿತ್ತು: ಭಾರತೀಯನ ಮೈ ಚಳಿಗೆ ತಡೆಯುವುದಿಲ್ಲ, ಅದು ಅವನ ಹುಟ್ಟುಗುಣ. ಬಿಳಿಯ ನಾವಿಕರ ಕೆಲಸಕ್ಕೆ ಇವರು ಪೈಪೋಟಿಯಾಗಬಾರದು ಎನ್ನುವವರಿಗೂ ಇದು ಒಳ್ಳೆಯ ವಾದವಾಯಿತು. ಈ ನಿಯಮದ ಬಗ್ಗೆ ಓದುವಾಗ ನನಗೆ ಅನ್ನಿಸುವುದಿಷ್ಟು: ಗೆರೆ ಎಳೆಯುವುದಕ್ಕೆ ಖರ್ಚಿಲ್ಲ. ಕೋಟಿಗೆ ಖರ್ಚಿದೆ.

ಎರಡು ದೋಣಿಯ ಪರೀಕ್ಷೆ

ಚಳಿ ತಡೆಯುವುದು ಹುಟ್ಟುಗುಣವೋ, ಏರ್ಪಾಡೋ? ಇತಿಹಾಸದಲ್ಲಿ ಇಂಥ ಪ್ರಶ್ನೆಗೆ ಪ್ರಯೋಗ ಮಾಡಲಾಗದು. ಆದರೆ 1940ರ ಸೆಪ್ಟೆಂಬರ್‌ನಲ್ಲಿ ಒಂದು ಘೋರ ಪರೀಕ್ಷೆ ತಾನಾಗಿ ನಡೆಯಿತು.

'ಸಿಟಿ ಆಫ್ ಬನಾರಸ್' ಎಂಬ ಹಡಗು ಯುದ್ಧದ ಬಾಂಬುಗಳಿಂದ ದೂರ ಸಾಗಿಸುತ್ತಿದ್ದ 90 ಮಕ್ಕಳೂ ಸೇರಿ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಲಿವರ್‌ಪೂಲ್‌ನಿಂದ ಕೆನಡಾಕ್ಕೆ ಹೊರಟಿತ್ತು. ಅದರ ಸಿಬ್ಬಂದಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಲಸ್ಕರುಗಳು. ಸೆಪ್ಟೆಂಬರ್ 17ರ ರಾತ್ರಿ, ಬಿರುಗಾಳಿಯಲ್ಲಿ, ಜರ್ಮನ್ ಜಲಾಂತರ್ಗಾಮಿಯೊಂದರ ಟಾರ್ಪಿಡೊ ತಗುಲಿ ಅರ್ಧ ಗಂಟೆಯಲ್ಲಿ ಮುಳುಗಿತು. ಆ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಲಸ್ಕರುಗಳಲ್ಲಿ ಸುಮಾರು ನೂರು ಮಂದಿ ಸತ್ತರು. ಇಳಿಸುವಾಗಲೇ ಹಲವು ದೋಣಿಗಳಿಗೆ ನೀರು ತುಂಬಿತು. ಅವುಗಳಲ್ಲಿ ಕೂತವರು ಸೊಂಟದವರೆಗಿನ ನೀರಿನಲ್ಲಿ ರಾತ್ರಿ ಕಳೆಯಬೇಕಾಯಿತು. ಬೆಳಗಾಗುವುದರೊಳಗೆ ಎಷ್ಟೋ ಜನ ಕೂತಲ್ಲೇ ತಣ್ಣಗಾಗಿದ್ದರು. ತೆಳು ಹತ್ತಿಬಟ್ಟೆಯ ಲಸ್ಕರುಗಳೂ, ಮಲಗುವ ಉಡುಪಿನಲ್ಲೇ ಎದ್ದು ಬಂದ ಇಂಗ್ಲಿಷ್ ಮಕ್ಕಳೂ ಆ ನೀರಿನಲ್ಲಿ ಒಂದೇ ಆದರು.

ಹನ್ನೆರಡನೆಯ ದೋಣಿ ಮಾತ್ರ ನೀರು ತುಂಬದೆ ಸರಿಯಾಗಿ ಇಳಿಯಿತು. ಅದರಲ್ಲಿ 46 ಜನ: ಆರು ಹುಡುಗರು, ಅವರ ಜೊತೆಗಿದ್ದ ಸಂಗೀತ ಶಿಕ್ಷಕಿ ಮೇರಿ ಕಾರ್ನಿಷ್, ಒಬ್ಬ ಪಾದ್ರಿ, ಕೆಲವು ಬಿಳಿಯ ನಾವಿಕರು, ಉಳಿದ ಮೂವತ್ತಕ್ಕೂ ಹೆಚ್ಚು ಮಂದಿ ಲಸ್ಕರುಗಳು. ಇದ್ದ ಕೆಲವೇ ಕಂಬಳಿಗಳು, ದೋಣಿಯ ಮೂತಿಗೆ ಕ್ಯಾನ್ವಾಸು ಎಳೆದು ಹುಡುಗರಿಗೆ ಮಾಡಿದ ಒಂದು ಮರೆ, ಒಬ್ಬರ ಕೈಕಾಲು ಒಬ್ಬರು ಉಜ್ಜುವುದು, ದಿನಕ್ಕೆ ಗುಟುಕು ನೀರು. ಎಂಟು ದಿನ ಹೀಗೆ. ಸೆಪ್ಟೆಂಬರ್ 25ರಂದು ವಿಮಾನವೊಂದು ಅವರನ್ನು ಕಂಡು, ಹಡಗು ಬಂದು ಎತ್ತಿಕೊಂಡಾಗ ಹೆಚ್ಚೂಕಡಿಮೆ ಎಲ್ಲರೂ ಬದುಕಿದ್ದರು. ಲಸ್ಕರುಗಳೂ.

ಒಂದೇ ಹಡಗು, ಒಂದೇ ಸಮುದ್ರ, ಒಂದೇ ಊರುಗಳಿಂದ ಬಂದ ಮೈಗಳು. ತುಂಬಿದ ದೋಣಿಯಲ್ಲಿ ಒಂದು ರಾತ್ರಿಗೇ ಸತ್ತರು. ನೀರಿಲ್ಲದ ದೋಣಿಯಲ್ಲಿ ಎಂಟು ದಿನ ಬದುಕಿದರು. ಹುಟ್ಟುಗುಣದ ವಾದ ಇದಕ್ಕಿಂತ ಚೆನ್ನಾಗಿ ಸೋಲಲು ಸಾಧ್ಯವಿಲ್ಲ.

ಬೆಚ್ಚನೆಯ ಚೀಲ ಯಾರಿಗೆ?

ಇದ್ದಷ್ಟನ್ನು ಹಂಚುವ ಬಗೆಯಿಂದಲೂ ಜೀವ ಉಳಿಯುತ್ತದೆ. ಶ್ಯಾಕಲ್ಟನ್ನನ 'ಎಂಡ್ಯೂರೆನ್ಸ್' ಹಡಗಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ನಮ್ಮ ಕಂಪನಿಗಳ ಲೀಡರ್‌ಶಿಪ್ ತರಬೇತಿಗಳಲ್ಲಿ ಅದನ್ನು ಹೇಳದೆ ಬಿಡುವುದಿಲ್ಲ. ಅಲ್ಲಿ ಹೇಳದ ಒಂದು ಸಣ್ಣ ವಿವರ ನನಗೆ ಹೆಚ್ಚು ಇಷ್ಟ. 1915ರ ಅಕ್ಟೋಬರ್‌ನಲ್ಲಿ ಹಡಗು ಹಿಮಕ್ಕೆ ಸಿಕ್ಕಿ ನುಜ್ಜುಗುಜ್ಜಾಗಿ 28 ಜನ ಹಿಮದ ಮೇಲೆ ಇಳಿದಾಗ, ತುಪ್ಪಳದ ಮಲಗುಚೀಲಗಳು 18 ಮಾತ್ರ ಇದ್ದವು. ಉಳಿದವು ಉಣ್ಣೆಯವು, ಅಷ್ಟು ಬೆಚ್ಚಗಲ್ಲ. ಚೀಟಿ ಎತ್ತಿದರು. ಶ್ಯಾಕಲ್ಟನ್ನನಿಗೂ ಮೇಲಧಿಕಾರಿಗಳಿಗೂ ಉಣ್ಣೆಯ ಚೀಲಗಳೇ ಬಂದವು; ತುಪ್ಪಳದವೆಲ್ಲ ಕೆಳಗಿನ ನಾವಿಕರಿಗೆ. ಚೀಟಿ ಎತ್ತಿದ್ದರಲ್ಲಿ ಏನೋ ಮಸಲತ್ತು ಇತ್ತೆಂದು ನಾವಿಕನೊಬ್ಬ ಆಮೇಲೆ ಬರೆದ. ಆರು ತಿಂಗಳ ನಂತರ, 'ಜೇಮ್ಸ್ ಕೇರ್ಡ್' ಎಂಬ ಪುಟ್ಟ ದೋಣಿಯಲ್ಲಿ ಆರು ಜನ ಸುಮಾರು 800 ಮೈಲಿ ದಾಟಿ ಸಹಾಯ ತರಲು ಹೋದಾಗ ಅಂಥ ತುಪ್ಪಳದ ಚೀಲಗಳೇ ಜೊತೆಗಿದ್ದವು. ಅಷ್ಟರಲ್ಲಿ ನೆನೆದು, ಕೊಳೆತು, ಉದುರಿದ ಕೂದಲು ಊಟದಲ್ಲೆಲ್ಲ ಬೀಳುತ್ತಿತ್ತು. ಎರಡು ಚೀಲಗಳು ಹಿಮಗಟ್ಟಿ ಎಷ್ಟು ಭಾರವಾದವೆಂದರೆ ಸಮುದ್ರಕ್ಕೆ ಎಸೆಯಬೇಕಾಯಿತು. ಉಳಿದವನ್ನು ಸರದಿಯಂತೆ ಬಳಸಿದರು.

ಸರದಿಯ ಕೋಟು

ಸರದಿಯ ಮೇಲೆ ಬಳಸುವುದನ್ನೇ ಪದ್ಧತಿ ಮಾಡಿದ್ದು ಎರಡನೆಯ ಮಹಾಯುದ್ಧದ ಬ್ರಿಟಿಷ್ ನೌಕಾಪಡೆ. ಇವತ್ತು ಫ್ಯಾಷನ್ ಅಂಗಡಿಗಳಲ್ಲಿ ನೇತುಹಾಕಿರುವ ಡಫಲ್ ಕೋಟು ನೋಡಿರುತ್ತೀರಿ: ಒರಟು ಉಣ್ಣೆ, ತಲೆಗೊಂದು ಮುಸುಕು, ಗುಂಡಿಯ ಬದಲು ಕುಣಿಕೆಗೆ ಸಿಕ್ಕಿಸುವ ಮರದ ತುಂಡುಗಳು. ಬೆಲ್ಜಿಯಂನ ಡಫಲ್ ಎಂಬ ಊರಿನ ಬಟ್ಟೆಯಿಂದ ಅದರ ಹೆಸರು ಬಂದಿದೆ. ಆ ವಿನ್ಯಾಸವನ್ನು ಎಂಜಿನಿಯರನ ಕಣ್ಣಿನಿಂದ ನೋಡಿದರೆ ಖುಷಿಯಾಗುತ್ತದೆ. ಮರದ ತುಂಡು ಯಾಕೆಂದರೆ ದಪ್ಪ ಕೈಗವಸು ಹಾಕಿಕೊಂಡೇ ಬಿಚ್ಚಬಹುದು. ಮುಸುಕು ದೊಡ್ಡದು ಯಾಕೆಂದರೆ ನಾವಿಕನ ಟೋಪಿಯ ಮೇಲೆ ಕೂರಬೇಕು. ಅಳತೆ ಸಡಿಲ ಯಾಕೆಂದರೆ ಕೋಟು ಒಬ್ಬನದಲ್ಲ, ಹಡಗಿನದು. ಕಾವಲಿಗೆ ಹೋಗುವವನು ತೊಡುತ್ತಾನೆ, ಕಾವಲು ಮುಗಿಸಿ ಬಂದವನು ಮುಂದಿನವನಿಗೆ ಕೊಡುತ್ತಾನೆ. ಒಳಗೆ ಇನ್ನೂ ಹಿಂದಿನವನ ಮೈಬಿಸಿ ಇರುತ್ತದೆ.

ಇನ್ನೂರು ವರ್ಷ ಸತ್ತವನಿಂದ ಹರಾಜಿನಲ್ಲಿ ಬರುತ್ತಿದ್ದ ಕೋಟು ಇಲ್ಲಿ ಬದುಕಿರುವವನಿಂದ ಕೈಗೆ ಬರುತ್ತದೆ, ಲೆಕ್ಕ ಹಡಗಿನ ಖಾತೆಗೆ. ನಾನು ಕೇಳುತ್ತಿದ್ದ ಪ್ರಶ್ನೆಗೆ ಸರಿಯಾದ ಉತ್ತರ ಇದೇ ಎನ್ನಿಸುತ್ತದೆ. ಯುದ್ಧ ಮುಗಿದ ಮೇಲೆ ಉಳಿದ ರಾಶಿ ರಾಶಿ ಕೋಟುಗಳನ್ನು ಸರ್ಕಾರ ಅಗ್ಗಕ್ಕೆ ಮಾರಿತು. ವಿದ್ಯಾರ್ಥಿಗಳು, ಬಡ ಕಲಾವಿದರು, ಸಣ್ಣ ದೋಣಿ ಇಟ್ಟುಕೊಂಡವರು ಕೊಂಡರು. ದಾಸ್ತಾನು ಮುಗಿದಾಗ, 1950ರ ದಶಕದಲ್ಲಿ, ಅದನ್ನು ಮಾರುತ್ತಿದ್ದ ಮೋರಿಸ್ ದಂಪತಿಯೇ ಹೊಸದಾಗಿ ಹೊಲಿಸತೊಡಗಿದರು. ಫ್ಯಾಷನ್ ಶುರುವಾದದ್ದು ಅಲ್ಲಿಂದ.

ನಮ್ಮ ಐಟಿಯವರಿಗೆ ಈ ಸರದಿಯ ಕೋಟು ಹೊಸದಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನು ನೆದರ್ಲೆಂಡ್ಸಿಗೆ ಆನ್‌ಸೈಟ್ ಹೋದಾಗ ನಮ್ಮ ತಂಡದ ಬಾಡಿಗೆ ಮನೆಯ ಕಪಾಟಿನಲ್ಲಿ ಮೂರು ಜಾಕೆಟ್ಟುಗಳಿದ್ದವು. ಯಾರು ಕೊಂಡದ್ದೋ ಯಾರಿಗೂ ಗೊತ್ತಿಲ್ಲ. ಬಂದವರು ಹಾಕಿಕೊಳ್ಳಬೇಕು, ಹೋಗುವವರು ತೊಳೆದು ನೇತುಹಾಕಿ ಹೋಗಬೇಕು. ನನ್ನ ಪಾಲಿಗೆ ಬಂದದ್ದರ ಒಳಜೇಬಿನಲ್ಲಿ ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ, ಒಂದು ತೆಲುಗು ಚೀಟಿ, ಹಳೆಯ ಟ್ರ್ಯಾಮ್ ಟಿಕೆಟ್ಟು ಇದ್ದವು. ತಾಯಿ ಊರಿನಿಂದ ಫೋನಿನಲ್ಲಿ "ಸ್ವೆಟರ್ ಹಾಕ್ಕೊಂಡಿದ್ದೀಯೇನೋ?" ಎಂದು ಕೇಳಿದಾಗ ಹೂಂ ಎನ್ನುತ್ತಿದ್ದೆ, ಯಾರದೆಂದು ಅವರು ಕೇಳಲಿಲ್ಲ. ಲಸ್ಕರುಗಳ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ತಪ್ಪು. ನಮಗೆ ಬೇಕೆಂದರೆ ಹೊಸದು ಕೊಳ್ಳುವ ಶಕ್ತಿಯಿತ್ತು. ಕಡಿಮೆ ದಿನದ ಚಳಿಗೆ ಯಾಕೆ ಖರ್ಚು ಎಂಬ ನಮ್ಮ ಊರಿನ ಲೆಕ್ಕಾಚಾರ ಅಷ್ಟೆ.

ಹಳೆಯ ಕೋಟುಗಳ ಪಯಣ ಇನ್ನೂ ನಿಂತಿಲ್ಲ. ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ 1813ರ ಸುಮಾರಿಗೆ ಹಳೆಯ ಉಣ್ಣೆ ಚಿಂದಿಯನ್ನು ಚಿಂದಿ ಮಾಡಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ಮತ್ತೆ ನೂಲು ತೆಗೆಯುವ ಬಗೆಯನ್ನು ಕಂಡುಕೊಂಡ. ಆ ಬಟ್ಟೆಗೆ 'ಶಾಡಿ' ಎಂದು ಹೆಸರು. ಇಂಗ್ಲಿಷಿನಲ್ಲಿ ಕಳಪೆ ಎನ್ನಲು ಬಳಸುವ ಪದವೂ ಇದೇ. ಆ ಉದ್ಯಮ ಈಗ ದಿಲ್ಲಿಯಿಂದ 90 ಕಿಲೋಮೀಟರ್ ದೂರದ ಪಾಣಿಪತ್‌ನಲ್ಲಿದೆ. ಯುರೋಪು, ಅಮೆರಿಕದ ಜನ ತೊಟ್ಟು ಬಿಟ್ಟ ಉಣ್ಣೆಯ ಕೋಟು, ಸ್ವೆಟರುಗಳು ಹಡಗಿನಲ್ಲಿ ಕಾಂಡ್ಲಾ ಬಂದರಿಗೆ ಬರುತ್ತವೆ, ಪಾಣಿಪತ್‌ನಲ್ಲಿ ಗುಂಡಿ, ಜಿಪ್ಪು ಕಿತ್ತು, ಬಣ್ಣವಾರು ವಿಂಗಡಿಸಿ, ನೂಲಾಗಿ, ಕಂಬಳಿಯಾಗುತ್ತವೆ. ಭೂಕಂಪ, ಪ್ರವಾಹದಲ್ಲಿ ಹಂಚುವ ಅಗ್ಗದ ಬೂದು ಕಂಬಳಿಗಳಲ್ಲಿ ಬಹಳಷ್ಟು ಅಲ್ಲಿಯವು. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ ಕೂಲಿಯವನು ಹೊದ್ದಿರುವುದು ಲಂಡನ್ನಿನ ಯಾರದೋ ಕೋಟಿನ ಎಳೆ ಇರಬಹುದು.

ಮುಂಬೈಯಲ್ಲಿರುವವರು ಒಮ್ಮೆ ಮಸ್ಜಿದ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು 'ಇಂಡಿಯನ್ ಸೈಲರ್ಸ್ ಹೋಮ್' ಕಡೆಗೆ ನಡೆಯಿರಿ. ಡೋಂಗ್ರಿಯಿಂದ ದೂರವಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತು, ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಅಲ್ಲಿದೆ. ಎರಡನೆಯ ಯುದ್ಧದಲ್ಲಿ ಸತ್ತ 6,000ಕ್ಕೂ ಹೆಚ್ಚು ಜನರ ಹೆಸರುಗಳಿರುವ ಪುಸ್ತಕವನ್ನು ಅಲ್ಲೂ ಚಿತ್ತಗಾಂಗ್‌ನಲ್ಲೂ ಇಟ್ಟಿದ್ದಾರೆ. ಕೋಲ್ಕತ್ತದವರಿಗೆ ಪ್ರಿನ್ಸೆಪ್ ಘಾಟ್ ಹತ್ತಿರ 1924ರ ಲಸ್ಕರ್ ಸ್ಮಾರಕವಿದೆ. ಬಂಗಾಳ, ಅಸ್ಸಾಮಿನ 896 ನಾವಿಕರದು.

ಇಂಥ ಪಟ್ಟಿಗಳಲ್ಲಿ ಹೆಸರಿರುತ್ತದೆ, ಹಡಗಿರುತ್ತದೆ. ಟಾರ್ಪಿಡೊದಿಂದ ಸತ್ತನೋ, ಆಮೇಲೆ ದೋಣಿಯಲ್ಲಿ ಚಳಿಯಿಂದ ಸತ್ತನೋ ಇರುವುದಿಲ್ಲ. ಮೈಮೇಲೆ ಏನಿತ್ತು ಎಂಬುದಂತೂ ಇಲ್ಲವೇ ಇಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿ ಹಡಗಿನಲ್ಲಿ ದುಡಿದ ಅಜ್ಜಂದಿರಿರುವ ಮನೆಗಳು ಎಷ್ಟೋ ಇವೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ನುಸಿ ತಿಂದ ನೀಲಿ ಜರ್ಸಿಯೋ, ಗುಂಡಿ ಹೋದ ದಪ್ಪ ಕೋಟೋ ಉಳಿದಿದ್ದರೆ ಎಸೆಯುವ ಮೊದಲು ಒಂದು ಫೋಟೊ ತೆಗೆದು, ಅದನ್ನು ಎಲ್ಲಿ, ಎಷ್ಟಕ್ಕೆ, ಯಾರಿಂದ ಕೊಂಡದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಇಲ್ಲಿಗೆ ಕಳಿಸಿದರೆ ನಾವೆಲ್ಲರೂ ಓದುತ್ತೇವೆ.